ಪರದೆ ಎಳೆದ ಮೇಲಿನ ಮಾತು

ಮೈಸೂರಿನಲ್ಲಿ ಹೊಸಬರು ಯಾರಾದರೂ ಬಾಡಿಗೆಗೆ ಬಂದರೆ ಬೀದಿಯವರು ಮೊದಲು ಹೆಸರು ಕೇಳುತ್ತಾರೆ, ಆಮೇಲೆ ಊರು. ಅದಾದ ಮೇಲೆ, ಸ್ವಲ್ಪ ದನಿ ತಗ್ಗಿಸಿ, 'ನಿಮ್ಮ ಮನೆಮಾತು ಯಾವುದು?' ಎನ್ನುತ್ತಾರೆ. ಈ ಪ್ರಶ್ನೆಯಲ್ಲಿ ಸ್ನೇಹವೂ ಇರುತ್ತದೆ, ಜಾತಿಯನ್ನು ಪತ್ತೆ ಮಾಡುವ ಕಳ್ಳದಾರಿಯೂ ಇರುತ್ತದೆ. ಆ ಕಳ್ಳದಾರಿಯ ಕಾರಣಕ್ಕಾಗಿಯೇ ಕಾಲೇಜಿನ ಚರ್ಚಾಸ್ಪರ್ಧೆಯ ವೇದಿಕೆಯಲ್ಲಿ ನಾನು ಈ ಪ್ರಶ್ನೆಯನ್ನು ಬಲವಾಗಿ ಖಂಡಿಸುತ್ತಿದ್ದೆ. ಆಡುವ ಭಾಷೆ ಸಾರ್ವಜನಿಕವಾದದ್ದು, ಅದನ್ನು ಮನೆಯ ಹೊಸಿಲಿನೊಳಗೆ ಹುಡುಕಬಾರದು ಎಂಬುದು ನನ್ನ ವಾದವಾಗಿತ್ತು. ಕನ್ನಡದಲ್ಲಿ ಮಾಡಿದ ಆ ವಾದಕ್ಕೆ ಕಾಲೇಜಿಗೆ ಶೀಲ್ಡ್ ಕೂಡ ಬಂತು.

ಶೀಲ್ಡ್ ಹಿಡಿದು ಮನೆಗೆ ಬಂದರೆ ಅಜ್ಜಿ ತೆಲುಗಿನಲ್ಲಿ ದೃಷ್ಟಿ ತೆಗೆದರು. ನಮ್ಮ ಮನೆಮಾತು ತೆಲುಗು. ಎಷ್ಟು ತಲೆಮಾರಿನ ಹಿಂದೆ ಮೈಸೂರಿಗೆ ಬಂದವರೋ ಯಾರಿಗೂ ತಿಳಿಯದು. ಹೈದರಾಬಾದಿನವರು ಕೇಳಿದರೆ ನಗುವಂಥ, ಅರ್ಧಕ್ಕರ್ಧ ಕನ್ನಡ ಸೇರಿದ ತೆಲುಗು ಅದು. ಓದಲು ಬರೆಯಲು ಯಾರಿಗೂ ಬಾರದು. ಅಂಗಡಿಗೆ, ಶಾಲೆಗೆ, ಪತ್ರಿಕೆಗೆ, ಜಗಳಕ್ಕೆ ಕನ್ನಡ. ಅಡುಗೆಮನೆಗೆ ಮತ್ತು ದೇವರಿಗೆ ತೆಲುಗು. ಅಜ್ಜಿ ಹೋದ ಮೇಲೆ ಅಡುಗೆಮನೆಯೂ ಕನ್ನಡಕ್ಕೆ ಬಂತು. ಉಳಿದದ್ದು ದೇವರು ಮಾತ್ರ.

ಇಷ್ಟನ್ನು ಮೊದಲೇ ಹೇಳಲು ಕಾರಣವಿದೆ. ಆಸ್ಟ್ರೇಲಿಯಕ್ಕೆ ಬಂದು ವೃದ್ಧರ ವೈದ್ಯೆಯಾಗಿ ಇಷ್ಟು ವರ್ಷ ಕೆಲಸ ಮಾಡಿದ ಮೇಲೆ, ನಾನು ಖಂಡಿಸಿದ ಆ ಪ್ರಶ್ನೆಯೇ ನನ್ನನ್ನು ಹುಡುಕಿಕೊಂಡು ಬಂತು. ಅದನ್ನು ತಂದವರು ಮೈಸೂರಿನವರಲ್ಲ; ಫ್ರೀಮ್ಯಾಂಟಲ್‌ನಲ್ಲಿ ಮೀನಿನ ಅಂಗಡಿ ಇಟ್ಟಿದ್ದ ಒಬ್ಬ ಗ್ರೀಕ್ ಮುದುಕ, ಮತ್ತು ಅಡಿಲೇಡಿನಲ್ಲಿದ್ದ ಅವರ ಅಕ್ಕ.

ನನ್ನ ಮೊದಲ ಕೆಲಸ ಬ್ರಿಸ್ಬೇನಿನಲ್ಲಿ. ವಯಸ್ಸಾದ ಮೇಲೆ ನೆನಪು ಅಳಿಯುವ ಕಾಯಿಲೆಯಲ್ಲಿ ಕಡೆಗೆ ಕಲಿತ ಭಾಷೆ ಮೊದಲು ಹೋಗುತ್ತದೆ, ಮೊದಲು ಕಲಿತದ್ದು ಕಡೆಯವರೆಗೆ ಉಳಿಯುತ್ತದೆ. ವಲಸೆ ಬಂದು ಇಲ್ಲಿಯೇ ಮುದುಕರಾದವರು ಕೊನೆಗೆ ಇಂಗ್ಲಿಷ್ ಕಳೆದುಕೊಂಡು, ನೀರು ಬೇಕೆಂದು ಯಾರಿಗೂ ತಿಳಿಯದ ಭಾಷೆಯಲ್ಲಿ ಕೇಳುವುದನ್ನು ಅಲ್ಲಿ ಕಂಡೆ. ನನ್ನೊಳಗಿನ ಚರ್ಚಾಪಟು ಎದ್ದು ಕುಳಿತಳು. ಆರೈಕೆ ಮನೆಗಳನ್ನು ನಡೆಸುವವರ ಸಭೆಯೊಂದರಲ್ಲಿ ನಿಂತು, ಹುಟ್ಟಿದ ದೇಶವನ್ನು ನೋಡಿ ಆ ದೇಶದ ಭಾಷೆಯವರನ್ನೇ ಆರೈಕೆಗೆ ಕೊಡಿ ಎಂದು ವಾದಿಸಿದೆ. ಇಟಲಿಯವರಿಗೆ ಇಟಾಲಿಯನ್, ಗ್ರೀಸಿನವರಿಗೆ ಗ್ರೀಕ್. ಮನುಷ್ಯನಿಗೆ ಒಂದು ತಾಯ್ನುಡಿ, ಅದು ಅವನ ಹಕ್ಕು ಎಂದೆ. ಚಪ್ಪಾಳೆ ಬಿತ್ತು. ಆ ಮಾತನ್ನು ನಿಜವಾಗಿ ಜಾರಿಗೆ ತಂದ ಸಂಸ್ಥೆಯೊಂದು ಅಡಿಲೇಡಿನಲ್ಲಿತ್ತು. ಅವರು ನನ್ನನ್ನು ಅಲ್ಲಿಗೇ ಕರೆದರು.

ಆ ಮುದುಕಿಯನ್ನು ನಾನು ಕಂಡದ್ದು ಅಲ್ಲಿ. ಗ್ರೀಸಿನ ಉತ್ತರದ ಹಳ್ಳಿಯಲ್ಲಿ ಹುಟ್ಟಿದವರು, ಹುಡುಗಿಯಾಗಿದ್ದಾಗ ತಮ್ಮನ ಜೊತೆ ಹಡಗಿನಲ್ಲಿ ಬಂದವರು, ಇಲ್ಲಿಯೇ ಒಬ್ಬ ಗ್ರೀಕನನ್ನು ಮದುವೆಯಾದವರು, ವಿಧವೆ. ಅವರಿಗೆ ಗ್ರೀಕ್ ಬಲ್ಲ ಆರೈಕೆಯವಳನ್ನು ಕೊಟ್ಟಿದ್ದೆವು. ನನ್ನ ವಾದದ ಪ್ರಕಾರ ಎಲ್ಲವೂ ಸರಿಯಾಗಿತ್ತು. ಆದರೆ ಆ ಹೆಂಗಸು ಗ್ರೀಕಿನಲ್ಲಿ ಮಾತಾಡಿಸಿದರೆ ಮುದುಕಿ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ದಿನವಿಡೀ ಅವರ ಬೆರಳುಗಳು ಹೊದಿಕೆಯ ಅಂಚನ್ನು ಹಿಡಿದು ಏನನ್ನೋ ಚುಚ್ಚಿ, ಎಳೆದು, ಮತ್ತೆ ಚುಚ್ಚುತ್ತಿದ್ದವು. ಸಂಜೆಯ ಬಿಸಿಲು ಕಿಟಕಿಗೆ ಬಂದಾಗ ಮಾತ್ರ ತಲೆಯೆತ್ತಿ, ಕಿಟಕಿಯ ಕಡೆ ಕೈ ತೋರಿಸಿ, ಒಂದೇ ವಾಕ್ಯವನ್ನು ಮತ್ತೆ ಮತ್ತೆ ಹೇಳುತ್ತಿದ್ದರು.

"ಅದು ಗ್ರೀಕ್ ಅಲ್ಲ ಡಾಕ್ಟರ್," ಎಂದಳು ಆರೈಕೆಯವಳು, ಬಾಗಿಲು ಮುಚ್ಚಿಕೊಂಡು. "ನನ್ನ ಅತ್ತೆ ಕೋಪ ಬಂದಾಗ ಹೀಗೇ ಬೈತಿದ್ದರು. ನಂಗನ್ನಿಸುತ್ತೆ, ತುರ್ಕಿ."

ಈ ಮಾತನ್ನು ಮುದುಕಿಯ ಮಗಳಿಗೆ ನಾನೇ ಹೇಳಿದೆ. ಮಗಳು ಬ್ರಿಸ್ಬೇನಿನಲ್ಲಿ ಶಾಲಾ ಶಿಕ್ಷಕಿ. ತಿಂಗಳಿಗೊಮ್ಮೆ ವಿಮಾನ ಹಿಡಿದು ತಾಯಿಯನ್ನು ನೋಡಲು ಬರುತ್ತಿದ್ದಳು. ಅವಳ ಮುಖ ಕೆಂಪಾಯಿತು.

"ನಮ್ಮಮ್ಮ ಗ್ರೀಕ್. ಚರ್ಚಿಗೆ ಒಂದು ಭಾನುವಾರ ತಪ್ಪಿಸಿದವರಲ್ಲ. ತುರ್ಕಿ ಯಾಕೆ ಮಾತಾಡ್ತಾರೆ? ಬುದ್ಧಿ ತಪ್ಪಿದವರ ಬಡಬಡಿಕೆಗೆ ನೀವು ಒಂದು ದೇಶ ಹುಡುಕಬೇಡಿ."

ಸ್ವಲ್ಪ ಹೊತ್ತಿನ ಮೇಲೆ ಅವಳೇ ನನ್ನ ತೋಳು ಹಿಡಿದಳು. "ಹೋದ ಸಲ ಬಂದಾಗ ನಾನು ಯಾರು ಅಂತ ಗೊತ್ತಾಗಲಿಲ್ಲ. ಈ ಸಲವೂ ಇಲ್ಲ. ಅಮ್ಮನ ಜೊತೆ ಒಂದೇ ಒಂದು ಮಾತು ಡಾಕ್ಟರ್. ಅವರು ಹೋಗೋದರೊಳಗೆ ಒಂದು. ಯಾವ ಭಾಷೆಯಾದರೂ ಆಗಲಿ."

ದೂರವಾಣಿಯಲ್ಲಿ ತುರ್ಕಿ ದುಭಾಷಿಯನ್ನು ಕರೆಸಿದೆವು. ಅಪರಿಚಿತ ಗಂಡಸಿನ ದನಿಯಲ್ಲಿ ಆ ಭಾಷೆ ಕೇಳಿದ ಕೂಡಲೇ ಮುದುಕಿ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡರು. ಎರಡನೆಯ ಸಲವೂ ಹಾಗೆಯೇ. ದುಭಾಷಿ ಕ್ಷಮೆ ಕೇಳಿ ಫೋನ್ ಇಟ್ಟರು.

ಆದರೆ ಸಂಜೆಯ ವಾಕ್ಯದಲ್ಲಿ ಒಂದು ಮಾತು ನನಗೆ ಅರ್ಥವಾಗಿತ್ತು. 'ಪೆರ್ದೆ.' ಅದು ನಮ್ಮ ಪರದೆಯೇ. ಸಾಬೂನು, ಜೇಬು, ಮೈದಾನಗಳ ಜೊತೆ ಯಾವ ಯಾವುದೋ ಬಾದಶಹರ ದಂಡಿನ ಹಿಂದೆ ಈ ಕಡೆ ಕನ್ನಡಕ್ಕೂ ಆ ಕಡೆ ತುರ್ಕಿಗೂ ನಡೆದುಹೋದ ಮಾತು. ಕಿಟಕಿಯ ಪರದೆ ಬಿಸಿಲಿಗೆಂದು ಅರ್ಧ ಮುಚ್ಚಿತ್ತು. ಆಕೆ ಬೆಳಕು ಕೇಳುತ್ತಿದ್ದಾರೆ ಎಂದು ನನಗೆ ಸಂಶಯವೇ ಇಲ್ಲದೆ ಹೊಳೆಯಿತು. ಪರದೆಯನ್ನು ಪೂರ್ತಿ ಸರಿಸಿ, ಹೊರಗಿನ ಜಕರಂಡ ಮರ ಕಾಣುವಂತೆ ಮಂಚವನ್ನು ತಿರುಗಿಸಿದೆ. ಮುದುಕಿ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಅತ್ತರು. ಆನಂದವಿರಬಹುದು ಎಂದುಕೊಂಡೆ. ಆ ಕೋಣೆಯ ಪರದೆ ಹಗಲಲ್ಲಿ ಸದಾ ತೆರೆದೇ ಇರಲಿ ಎಂದು ಎಲ್ಲರಿಗೂ ಹೇಳಿದೆ.

ಅದೇ ವರ್ಷ ಗಂಡನಿಗೆ ಪರ್ತ್‌ನ ಗಣಿ ಕಂಪನಿಯಲ್ಲಿ ಕೆಲಸವಾಯಿತು. ನಾವು ಆ ಊರಿನ ಹೊರವಲಯದ ಹ್ಯಾರಿಸ್‌ಡೇಲ್‌ನಲ್ಲಿ ಮನೆ ಹಿಡಿದೆವು. ಹೊರಡುವ ಮುನ್ನ ಮುದುಕಿಯ ಮಗಳು ತನ್ನ ಸೋದರಮಾವ ಪರ್ತ್ ಪಕ್ಕದ ಫ್ರೀಮ್ಯಾಂಟಲ್‌ನಲ್ಲಿರುವುದಾಗಿ ಹೇಳಿದಳು. "ಕ್ರಿಸ್ಮಸ್ಸಿಗೆ ಫೋನ್ ಮಾಡ್ತಿದ್ದರು. ಅಮ್ಮ ಗ್ರೀಕಲ್ಲಿ ಉತ್ತರ ಕೊಡೋದು ನಿಲ್ಲಿಸಿದ ಮೇಲೆ ಅವರೂ ನಿಲ್ಲಿಸಿಬಿಟ್ಟರು. ತುರ್ಕಿ ಅಂತ ನಾನು ಕೇಳಿದ್ದಕ್ಕೆ ಫೋನೇ ಇಟ್ಟರು. ನೀವು ಒಂದು ಸಲ ಮಾತಾಡ್ತೀರಾ?"

ಮಾತಾಡುವುದು ನನ್ನ ವಿದ್ಯೆ. ಹೋದೆ.

ಬಂದರಿನ ಕಂಟೇನರ್ ಕ್ರೇನುಗಳು ಹಿತ್ತಿಲಿನಿಂದಲೇ ಕಾಣುವ ಹಳೆಯ ಮನೆ. ಅಂಗಳದಲ್ಲಿ ನಿಂಬೆ, ಅಂಜೂರ. ಎಂಬತ್ತು ದಾಟಿದ, ಮೊಳಕೈವರೆಗೆ ಅಂಗಿಯ ತೋಳು ಮಡಿಸಿದ, ಕೈಯಲ್ಲಿ ಇನ್ನೂ ಎಣ್ಣೆಯಲ್ಲಿ ಸುಟ್ಟ ಕಲೆಗಳಿದ್ದ ಮನುಷ್ಯ. ಅವರ ಇಂಗ್ಲಿಷನ್ನು ನಾನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇಂಡಿಯನ್ ಡಾಕ್ಟರಾ? ಕೂತ್ಕೊಳ್ಳಿ. ನನ್ನ ಅಂಗಡಿ ಮುಂದೇನೇ ಇಂಡಿಯನ್ ಡಾಕ್ಟರೊಬ್ಬರ ಕ್ಲಿನಿಕ್ ಇತ್ತು. ದಿನಾ ಬಂದು ಚಿಪ್ಸ್ ತಗೋತಿದ್ರು, ಮೀನು ಬೇಡ ಅಂತಿದ್ರು, ಆಮೇಲೆ ನನಗೇ ಎಣ್ಣೆ ಕಮ್ಮಿ ತಿನ್ನಿ ಅಂತ ಭಾಷಣ!"

ನಗುತ್ತಲೇ ಕಾಫಿ ಮಾಡಿದರು. ಅಕ್ಕನ ವಿಷಯ ತೆಗೆದಾಗ ನಗು ನಿಂತಿತು. ಆದರೂ ಹೇಳಿದರು, ಹೇಳುವವರಿಲ್ಲದೆ ಬಹಳ ಕಾಲ ಕಾದ ಮಾತುಗಳಂತೆ ಅವು ಬಂದವು.

ಅವರ ತಾಯಿ ಹುಟ್ಟಿದ್ದು ತುರ್ಕಿಯ ಒಳನಾಡಿನ ಒಂದು ಹಳ್ಳಿಯಲ್ಲಿ, ಆಟೊಮನ್ ಸುಲ್ತಾನರ ಸಾಮ್ರಾಜ್ಯದ ಕೊನೆಯ ದಿನಗಳಲ್ಲಿ. ಆ ಸಾಮ್ರಾಜ್ಯ ಪ್ರಜೆಗಳನ್ನು ಗುಂಪು ಮಾಡುತ್ತಿದ್ದದ್ದು ಧರ್ಮದಿಂದ, ಭಾಷೆಯಿಂದಲ್ಲ. ಗ್ರೀಕ್ ಚರ್ಚಿಗೆ ಹೋಗುವವರೆಲ್ಲ ಒಂದು ಸಮುದಾಯ. ಆದರೆ ಆ ಒಳನಾಡಿನ ಕ್ರೈಸ್ತರಲ್ಲಿ ಎಷ್ಟೋ ಮಂದಿಗೆ ಗ್ರೀಕ್ ಬಾರದು. ಮನೆಯಲ್ಲಿ ತುರ್ಕಿ, ಪಕ್ಕದ ಮುಸಲ್ಮಾನರ ಮನೆಯಲ್ಲಿ ಆಡುವ ತುರ್ಕಿಯೇ. ಪ್ರಾರ್ಥನೆ ಪುಸ್ತಕ ಕೂಡ ತುರ್ಕಿ ಭಾಷೆಯದು, ಗ್ರೀಕ್ ಲಿಪಿಯಲ್ಲಿ ಅಚ್ಚಾದದ್ದು. ನನಗೆ ಇದು ವಿಚಿತ್ರವೆನಿಸಲಿಲ್ಲ. ಮಂಗಳೂರಿನ ನನ್ನ ಸಹಪಾಠಿ ಕೊಂಕಣಿಯ ಪ್ರಾರ್ಥನೆಯನ್ನು ಕನ್ನಡ ಲಿಪಿಯಲ್ಲಿ ಓದುತ್ತಿದ್ದಳು.

ನೂರು ವರ್ಷಗಳ ಹಿಂದೆ ಸಾಮ್ರಾಜ್ಯ ಮುರಿದು ಬಿತ್ತು. ಗ್ರೀಸ್ ಮತ್ತು ತುರ್ಕಿ, ಎರಡೂ ದೇಶಗಳು ಕುಳಿತು ಜನರನ್ನು ಅದಲುಬದಲು ಮಾಡಿಕೊಂಡವು. ತುರ್ಕಿಯ ಕ್ರೈಸ್ತರು ಗ್ರೀಸಿಗೆ, ಗ್ರೀಸಿನ ಮುಸಲ್ಮಾನರು ತುರ್ಕಿಗೆ. ನೀವು ಮನೆಯಲ್ಲಿ ಯಾವ ಮಾತು ಆಡುತ್ತೀರಿ ಎಂದು ಯಾರೂ ಕೇಳಲಿಲ್ಲ. ಮಗುವಾಗಿದ್ದ ಆ ತಾಯಿ, ತಾನು ಎಂದೂ ಕಾಣದ ಸ್ವದೇಶಕ್ಕೆ, ತನಗೆ ಬಾರದ ತಾಯ್ನುಡಿಯ ನಡುವೆ ಬಂದು ಇಳಿದಳು.

"ಅಲ್ಲಿದ್ದಾಗ ನಾವು ಗ್ರೀಕರು," ಎಂದರು ಮುದುಕರು. "ಗ್ರೀಸಿಗೆ ಬಂದ ಮೇಲೆ ತುರ್ಕರ ಬೀಜ. ಶಾಲೆ ಬಾಗಿಲಲ್ಲಿ ಹುಡುಗರು ಹಾಗೇ ಕರೀತಿದ್ರು. ಅಮ್ಮ ಬೀದೀಲಿ ಮೂಗಿ ಆಗಿಬಿಡ್ತಿದ್ದಳು. ಸಂತೇಲಿ ಬೆರಳು ತೋರಿಸಿ ಈರುಳ್ಳಿ ತರ್ತಿದ್ದಳು."

"ಹಾಗಾದರೆ ನಿಮಗೆ ಆ ಭಾಷೆ ಬರುತ್ತದೆ."

"ಬರ್ತಿತ್ತು. ಹಡಗು ಹತ್ತೋ ದಿನ ಅಮ್ಮ ನಮ್ಮಿಬ್ಬರ ಕೈ ದೇವರ ಪಟದ ಮೇಲೆ ಇಡಿಸಿದಳು. ಹೊಸ ದೇಶದಲ್ಲಿ ಈ ಮಾತು ಆಡಬೇಡಿ, ನನ್ನ ಜೊತೆ ಮುಗೀಲಿ ಅಂತ. ಆಣೆ. ನಾನು ಮುರಿದಿಲ್ಲ, ಅಕ್ಕನೂ ಮುರಿದಿಲ್ಲ. ಅವಳ ಗಂಡನಿಗೂ ಗೊತ್ತಿರಲಿಲ್ಲ."

ನಾನು ವಾದಕ್ಕೆ ಸಿದ್ಧಳಾದೆ. ಆಣೆಯ ಉದ್ದೇಶ ಮಕ್ಕಳನ್ನು ಅವಮಾನದಿಂದ ಕಾಪಾಡುವುದು. ಅವಮಾನಿಸುವವರು ಇಂದು ಇಲ್ಲ. ಉದ್ದೇಶ ಮುಗಿದ ಮೇಲೆ ಆಣೆಗೆ ಬಲವಿಲ್ಲ. ಎರಡನೆಯದಾಗಿ, ನಿಮ್ಮ ಅಕ್ಕ ತಿಳಿದು ಆಣೆ ಮುರಿಯುತ್ತಿಲ್ಲ, ಕಾಯಿಲೆ ಮುರಿಸುತ್ತಿದೆ. ಉತ್ತರ ಕೊಡುವ ನಿಮ್ಮದು ದಯೆಯೇ ಹೊರತು ದ್ರೋಹವಲ್ಲ. ಮೂರನೆಯದಾಗಿ…

"ನೀವು ಲಾಯರಾ ಡಾಕ್ಟರಾ?"

"ಡಾಕ್ಟರ್."

"ಹಾಗಾದರೆ ಅಮ್ಮನ ವಿಷಯ ಬಿಟ್ಟು ನನ್ನ ಮಂಡಿ ನೋಡಿ. ಮಳೆ ಬಂದ್ರೆ ನೋಯುತ್ತೆ."

ಮಂಡಿ ನೋಡಿದೆ. ಒಂದು ಚೀಲ ನಿಂಬೆಹಣ್ಣು ಕೊಟ್ಟು ಕಳಿಸಿದರು. ಆ ಚಳಿಗಾಲ ಮೂರು ನಾಲ್ಕು ಬಾರಿ ಹೋದೆ. ಪ್ರತಿ ಸಲ ವಾದವನ್ನು ಹೊಸದಾಗಿ ಹೆಣೆದುಕೊಂಡು ಹೋಗುತ್ತಿದ್ದೆ, ಪ್ರತಿ ಸಲ ನಿಂಬೆಹಣ್ಣಿನೊಂದಿಗೆ ವಾಪಸ್ಸಾಗುತ್ತಿದ್ದೆ. ಉಪ್ಪಿನಕಾಯಿ ಜಾಡಿಗಳು ತುಂಬಿದವು.

"ಆ ತಾತಂಗೆ ನೀನು ಹೇಳ್ತಿರೋದು ಕೇಳಿಸ್ತಿಲ್ಲ ಅಂತಲ್ಲ ಕಣೇ," ಎಂದರು ನನ್ನ ಗಂಡ. "ಚೆನ್ನಾಗೇ ಕೇಳಿಸ್ತಿದೆ. ನಿನ್ನ ವಾದದಲ್ಲಿ ಎದುರಾಳಿ ಯಾರು ಗೊತ್ತಾ? ಅವರಮ್ಮ. ಸತ್ತಿರೋ ಅಮ್ಮನ ಮುಂದೆ ಯಾರು ಗೆದ್ದಿದಾರೆ? ಸುಮ್ನೆ ಒಂದಿನ ಊಟಕ್ಕೆ ಕರಿ."

ಅಡಿಲೇಡಿನಿಂದ ಬರುತ್ತಿದ್ದ ಸುದ್ದಿ ಚೆನ್ನಾಗಿರಲಿಲ್ಲ. ಮುದುಕಿ ಊಟ ಬಿಡುತ್ತಿದ್ದರು. ಬ್ರಿಸ್ಬೇನಿನಿಂದ ಮಗಳು ಬಂದು ಅಲ್ಲೇ ಉಳಿದಿದ್ದಳು. 'ಸಂಜೆಯ ವಾಕ್ಯ ಈಗಲೂ ಹೇಳ್ತಾರೆ, ಆದರೆ ಪಿಸುಗುಟ್ಟಿದ ಹಾಗೆ' ಎಂದು ಫೋನಿನಲ್ಲಿ ಹೇಳಿದಳು.

ಒಂದು ಶನಿವಾರ ಹೋಗಿ ಮುದುಕರನ್ನು ಕಾರಿನಲ್ಲಿ ಹ್ಯಾರಿಸ್‌ಡೇಲ್‌ಗೆ ಕರೆತಂದೆ. ವಾದ ಮಾಡುವುದಿಲ್ಲ ಎಂದು ಗಂಡನಿಗೆ ಮಾತು ಕೊಟ್ಟಿದ್ದೆ. ನನ್ನ ಗಂಡ ಬಿಸಿಬೇಳೆಬಾತ್ ಮಾಡಿದ್ದರು. ಮುದುಕರು ಒಂದು ಡಬ್ಬಿ ಒಣಗಿಸಿದ ಅಂಜೂರ ತಂದಿದ್ದರು.

"ಮಗು, ನಿಮ್ಮಮ್ಮನ ಭಾಷೆ ನಿಂಗೆ ಬರುತ್ತಾ?" ಎಂದು ನನ್ನ ಮಗಳನ್ನು ಕೇಳಿದರು.

"ಐ ಅಂಡರ್‌ಸ್ಟ್ಯಾಂಡ್ ಎವ್ರಿಥಿಂಗ್, ಅಂಕಲ್. ಸ್ಪೆಷಲಿ ಬೈಯೋದು," ಎಂದಳು ಅವಳು. ಕನ್ನಡದ ಆ ಒಂದು ಮಾತನ್ನು ಅವಳು ಇಂಗ್ಲಿಷಿನಲ್ಲಿ ಹೇಳಲಾರಳು. ನಾನು ಅರ್ಥ ಹೇಳಿದೆ. ಮುದುಕರು ಬಾಯಿತುಂಬ ನಕ್ಕರು.

ಸಂಜೆಯಾಯಿತು. ನಮ್ಮ ದೇವರ ಗೂಡು ಅಡುಗೆಮನೆಯ ಪಡುವಣ ಕಿಟಕಿಯ ಪಕ್ಕದಲ್ಲಿದೆ. ಸಂಜೆಯ ಬಿಸಿಲು ನೇರ ಕಣ್ಣಿಗೆ ಬೀಳುವುದರಿಂದ ದೀಪ ಹಚ್ಚುವ ಮುಂಚೆ ಕಿಟಕಿಯ ಪರದೆ ಎಳೆಯುವುದು ನನ್ನ ರೂಢಿ. ಅಂದೂ ಎಳೆದೆ. ದೀಪ ಹಚ್ಚಿದೆ. ಅಜ್ಜಿ ತಾವೇ ಕಟ್ಟಿಕೊಂಡಿದ್ದ, ಮನೆಯವರೆಲ್ಲರ ಹೆಸರು ಹೇಳಿ ಕಾಪಾಡು ಎನ್ನುವ ನಾಲ್ಕು ಮಾತುಗಳನ್ನು ಅವರ ತೆಲುಗಿನಲ್ಲಿ ಹೇಳಿದೆ. ಆಮೇಲೆ ಗಂಡನಿಗೆ, "ರೀ, ಒಲೆ ಆರಿಸಿದ್ರಾ?" ಎಂದೆ.

ಮುದುಕರು ಊಟದ ಮೇಜಿನಿಂದ ಎದ್ದು ನಿಂತಿದ್ದರು.

"ಈಗ ಮಾತಾಡಿದ್ದು, ಮೊದಲು ಹೇಳಿದ್ದು, ಎರಡೂ ಒಂದೇ ಅಲ್ಲ."

"ಅಲ್ಲ. ಮೊದಲು ಹೇಳಿದ್ದು ನಮ್ಮಜ್ಜಿಯ ಮಾತು. ಮನೆಮಾತು ಎನ್ನುತ್ತೇವೆ. ಅದರಲ್ಲಿ ನನ್ನ ಜೊತೆ ಆಡುವವರು ಈಗ ಯಾರೂ ಇಲ್ಲ. ದೀಪದ ಮುಂದೆ ಇಷ್ಟು ಹೇಳಿಕೊಳ್ಳುತ್ತೇನೆ."

"ಪರದೆ ಯಾಕೆ ಎಳೆದ್ರಿ?"

"ಬಿಸಿಲಿಗೆ." ಆಗ ನೆನಪಾಯಿತು. ಹೇಳಿದೆ: "ನಿಮ್ಮ ಅಕ್ಕನ ಮಾತಿನಲ್ಲಿ ನನಗೆ ಅರ್ಥವಾದದ್ದು ಅದೊಂದೇ. ಪೆರ್ದೆ. ನಮ್ಮ ಭಾಷೆಯಲ್ಲೂ ಅದೇ ಮಾತು. ದಿನವೂ ಸಂಜೆ ಅದನ್ನೇ ಕೇಳುತ್ತಿದ್ದರು. ನಾನೇ ಪೂರ್ತಿ ತೆರೆಸಿಟ್ಟೆ. ಈಗಲೂ ತೆರೆದೇ ಇದೆ."

ಅವರು ಕುರ್ಚಿಯ ಬೆನ್ನು ಹಿಡಿದುಕೊಂಡರು.

"ತೆರೆಸಿದ್ರಾ?" ಎಂದರು. ಮತ್ತೆ, "ಅಯ್ಯೋ ಡಾಕ್ಟರ್, ತೆರೆಸಿಬಿಟ್ರಾ?"

ಗ್ರೀಸಿನ ಹಳ್ಳಿಯ ಅವರ ಮನೆಗೆ ಬೀದಿಯ ಕಡೆ ಒಂದೇ ಕಿಟಕಿಯಂತೆ. ಹಗಲೆಲ್ಲ ತಾಯಿ ಮಕ್ಕಳ ಜೊತೆ ಮುರುಕು ಗ್ರೀಕಿನಲ್ಲಿ ಒಂದೊಂದೇ ಪದ ಆಡುತ್ತಿದ್ದಳು. ಬೀದಿಯಲ್ಲಿ ಹೋಗುವ ಯಾರ ಕಿವಿಗೂ ತುರ್ಕಿ ಬೀಳಬಾರದು. ಸಂಜೆ ತಂಬಾಕಿನ ಎಲೆ ಪೋಣಿಸಲು ಕುಳಿತಾಗ, 'ಪರದೆ ಎಳಿ' ಎನ್ನುತ್ತಿದ್ದಳು. ಎಳೆಯುವುದು ಅಕ್ಕನ ಕೆಲಸ. ಪರದೆ ಎಳೆದ ಮೇಲೆ ಆ ಮೂಗಿ ಹೆಂಗಸಿಗೆ ಮಾತು ಬರುತ್ತಿತ್ತು. ಬಿಟ್ಟು ಬಂದ ಊರು, ಅಲ್ಲಿಯ ನೆರೆಮನೆಯ ಮುಸಲ್ಮಾನ ಹೆಂಗಸು ಕೊಟ್ಟ ಮೊಸರಿನ ಹೆಪ್ಪು, ಕಥೆ, ಒಗಟು, ಬೈಗುಳ. ಮಕ್ಕಳು ನಕ್ಕೂ ನಕ್ಕೂ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದರು.

"ಅಕ್ಕ ಬೆಳಕು ಕೇಳ್ತಿಲ್ಲ," ಎಂದರು ಅವರು. "ಪರದೆ ಎಳೀರಿ, ಮಾತಾಡಬೇಕು ಅಂತಿದಾಳೆ. ಎಳೆಯೋವರೆಗೂ ಬಾಯಿ ಬಿಡಲ್ಲ ಅವಳು. ಅವಳಿಗೆ ನಿಯಮ ಅಂದ್ರೆ ನಿಯಮ."

ದೀಪದ ಹತ್ತಿರ ಬಂದು ನಿಂತರು. ನನಗೆ ಹೇಳಲು ಎಷ್ಟೋ ಇತ್ತು, ಕೊಟ್ಟ ಮಾತಿಗೆ ಕಟ್ಟುಬಿದ್ದು ಸುಮ್ಮನಿದ್ದೆ.

"ಆಣೆ ಮಾಡಿಸೋವಾಗ ಅಮ್ಮ ಒಂದು ಕಾರಣ ಹೇಳಿದ್ದಳು," ಎಂದರು ಕೊನೆಗೆ. "ಅಷ್ಟು ದೂರದ ದೇಶದಲ್ಲಿ ನಿಮಗೆ ಪರದೆ ಎಳೆಯೋರು ಯಾರಿರ್ತಾರೆ ಅಂತ." ನಮ್ಮ ಅಡುಗೆಮನೆಯ ಕಿಟಕಿಯನ್ನು ಗಲ್ಲದಿಂದ ತೋರಿಸಿದರು. "ಇದಾರಲ್ಲ."

ನಾನು ಕೇಳಿದ ಅತ್ಯುತ್ತಮ ಖಂಡನೆ ಅದು. ಯಾವ ತೀರ್ಪುಗಾರರೂ ಅಲ್ಲಿರಲಿಲ್ಲ.

ಮುಂದಿನ ವಾರ ಅವರ ಜೊತೆ ನಾನೂ ಅಡಿಲೇಡಿಗೆ ಹೊರಟೆ. ವಿಮಾನದಲ್ಲಿ ಅವರು ಕಿಟಕಿಯ ಕಡೆ ತಿರುಗಿ ತುಟಿ ಅಲುಗಿಸುತ್ತಿದ್ದರು. ಅಷ್ಟು ವರ್ಷ ಆಡದ ಮಾತು ಬಾಯಿಗೆ ಬರುತ್ತದೋ ಇಲ್ಲವೋ ಎಂಬ ಹೆದರಿಕೆ. "ಬೈಗುಳ ಎಲ್ಲ ನೆನಪಿದೆ," ಎಂದರು ನನಗೆ. "ಉಪ್ಪಿಗೆ ಏನಂತಾರೆ ಅನ್ನೋದೇ ಮರೆತೋಗಿದೆ."

ಕೋಣೆಯ ಬಾಗಿಲಲ್ಲಿ ಅಕ್ಕನ ಮಗಳು ಕಾದಿದ್ದಳು. ಅವಳ ಕೆನ್ನೆ ಮುಟ್ಟಿ ಒಳಗೆ ಹೋದರು. ಅಕ್ಕನ ಬಳಿಗೆ ಹೋಗಲಿಲ್ಲ. ನೇರ ಕಿಟಕಿಯ ಬಳಿ ಹೋಗಿ, ನಾನು ತೆರೆಸಿಟ್ಟಿದ್ದ ಪರದೆಯನ್ನು ಆ ತುದಿಯಿಂದ ಈ ತುದಿಯವರೆಗೆ ಎಳೆದರು. ಸಂದಿ ಉಳಿದ ಕಡೆ ಕೈಯಿಂದ ಒತ್ತಿದರು. ಕೋಣೆ ಮಬ್ಬಾಯಿತು. ಆಮೇಲೆ ಕುರ್ಚಿಯನ್ನು ಮಂಚಕ್ಕೆ ತಾಗಿಸಿ ಕುಳಿತು, ಬಹಳ ಮೆಲ್ಲಗೆ, ತೊದಲುತ್ತ, ಏನೋ ಹೇಳಿದರು.

ಹೊದಿಕೆಯ ಅಂಚಿನ ಮೇಲೆ ಬೆರಳುಗಳು ನಿಂತವು.

ಮುದುಕಿ ತಲೆ ತಿರುಗಿಸಿದರು. ಪರದೆಯನ್ನು ನೋಡಿದರು, ತಮ್ಮನನ್ನು ನೋಡಿದರು. ಆಮೇಲೆ ಆ ಪುಟ್ಟ ದೇಹದಿಂದ ನಾನು ಎಂದೂ ಕೇಳದಷ್ಟು ದೊಡ್ಡ ದನಿಯಲ್ಲಿ ಮಾತು ಹೊರಟಿತು. ಒಂದೇ ಸಮನೆ. ಮುದುಕರು ತಲೆ ತಗ್ಗಿಸಿ ಕೇಳಿದರು.

"ಏನಂತೆ ಮಾವ? ಏನು?" ಎಂದಳು ಮಗಳು, ಅವರ ಭುಜ ಅಲುಗಿಸಿ.

"ಬೈತಿದಾಳೆ." ಅವರು ನಗುತ್ತಿದ್ದರೋ ಅಳುತ್ತಿದ್ದರೋ ಹೇಳುವುದು ಕಷ್ಟ. "ಎಲ್ಲಿಗೆ ಹಾಳಾಗಿ ಹೋಗಿದ್ದೆ ಕತ್ತೆ, ಎಲೆಯೆಲ್ಲ ನಾನೊಬ್ಬಳೇ ಪೋಣಿಸ್ತಿದೀನಿ, ದಾರ ತಾ ಅಂತಿದಾಳೆ."

ಆಗ ನಮಗೆ ಆ ಬೆರಳುಗಳ ಅರ್ಥ ತಿಳಿಯಿತು. ಅದು ಚಡಪಡಿಕೆಯಲ್ಲ. ಅದು ಕೆಲಸ. ಹುಣಸೂರಿನ ಕಡೆ ತಂಬಾಕಿನ ಎಲೆ ಕಟ್ಟುವ ಕೈಗಳನ್ನು ನಾನೂ ನೋಡಿದ್ದೇನೆ. ಆದರೂ ಅಷ್ಟು ತಿಂಗಳು ಆ ಕೈಗಳ ಎದುರು ನಿಂತು ನನಗೆ ಹೊಳೆದಿರಲಿಲ್ಲ.

ಮಗಳು ಮುಂದೆ ಬಂದು ಮಂಚದ ಅಂಚಿನಲ್ಲಿ ಕುಳಿತಳು. ಕೂಡಲೇ ಮುದುಕಿಯ ಮಾತು ನಿಂತಿತು. ತುಟಿಯ ಮೇಲೆ ಬೆರಳಿಟ್ಟು ತಮ್ಮನಿಗೆ ಕಣ್ಸನ್ನೆ ಮಾಡಿದರು. ಮನೆಯೊಳಗೆ ಯಾರೋ ಬಂದಿದ್ದಾರೆ, ಸುಮ್ಮನಿರು ಎಂದು. ಮಗಳಿಗೂ ಅದು ಅರ್ಥವಾಯಿತು. ತನ್ನ ತಾಯಿಗೆ ತಾನು ಬೀದಿಯವಳು. ಅವಳು ಎದ್ದು ಹೊರಡಲು ನೋಡಿದಳು.

ಮುದುಕರು ಅವಳ ಮಣಿಕಟ್ಟು ಹಿಡಿದು ಕೂರಿಸಿದರು. ಅಕ್ಕನ ಕಿವಿಯ ಬಳಿ ಬಾಗಿ ಏನೋ ಹೇಳಿದರು. ಅಕ್ಕ ನಂಬಲಿಲ್ಲ. ಮುದುಕರು ಮತ್ತೆ ಹೇಳಿದರು. ಮುದುಕಿ ಮಗಳ ಮುಖವನ್ನು ಅಳೆಯುವಂತೆ ನೋಡಿದರು. ಕೊನೆಗೆ ಹೊದಿಕೆಯಿಂದ ಕೈ ಎತ್ತಿ, ಇಲ್ಲದ ಸೂಜಿಯೊಂದನ್ನು ಮಗಳ ಬೆರಳುಗಳ ನಡುವೆ ಇಟ್ಟು, ಆ ಬೆರಳುಗಳನ್ನು ಮಡಿಸಿ, ಇನ್ನೊಂದು ಕೈಗೆ ಇಲ್ಲದ ಎಲೆ ಕೊಟ್ಟರು. ಒಂದು ಮಾತು ಹೇಳಿದರು, ಮೃದುವಾಗಿ, ಮಕ್ಕಳಿಗೆ ಹೇಳುವಂತೆ.

"ದಂಟಿನ ಹತ್ತಿರ ಚುಚ್ಚು ಮಗಳೇ, ಎಲೆ ಹರೀಬಾರದು," ಎಂದು ಮುದುಕರು ಅರ್ಥ ಹೇಳಿದರು.

"ಮಗಳೇ ಅಂದರಾ? ನೀವು ಸೇರಿಸಿದ್ದಲ್ಲ ತಾನೆ?"

"ಅವಳೇ ಅಂದಿದ್ದು."

ತಾಯಿ ಮಗಳು ಮಬ್ಬಿನಲ್ಲಿ ಎದುರುಬದುರು ಕುಳಿತು ಕಾಣದ ಎಲೆಗಳನ್ನು ಪೋಣಿಸಿದರು. ಮುದುಕರು ಮಾತಾಡುತ್ತಲೇ ಇದ್ದರು. ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಆ ಮಾತು ನನಗೆ ತಿಳಿಯುವುದಿಲ್ಲ ನಿಜ, ಆದರೂ ಅದು ನಾನು ಕೇಳತಕ್ಕದ್ದಲ್ಲ ಎನಿಸಿತು.

ಮುದುಕರು ಅಲ್ಲಿ ಅಕ್ಕ ಹೋಗುವವರೆಗೆ ಉಳಿದರು. ಬಹಳ ದಿನವೇನೂ ಅಲ್ಲ. ಜಕರಂಡ ಹೂ ಬಿಡುವ ಮುಂಚೆಯೇ ಎಲ್ಲ ಮುಗಿಯಿತು. ಸಂಜೆಗಳಲ್ಲಿ ಆ ಕೋಣೆಯಿಂದ ನಗು ಕೇಳಿಸುತ್ತಿತ್ತು ಎಂದು ಆರೈಕೆಯ ಹೆಂಗಸು ಹೇಳಿದಳು.

ಆಮೇಲೆ ಬ್ರಿಸ್ಬೇನಿನಲ್ಲಿ ಹಳೆಯ ಸಭೆಯವರು ಮತ್ತೆ ಕರೆದಾಗ ಹೋದೆ. ಹುಟ್ಟಿದ ದೇಶ ಯಾವುದು ಎಂದು ಕೇಳಿ ನಿಲ್ಲಿಸಬೇಡಿ, ಮನೆಯಲ್ಲಿ ಯಾವ ಮಾತು ಆಡುತ್ತಿದ್ದಿರಿ, ಯಾರ ಜೊತೆ ಎಂದು ಕೇಳಿ ಎಂದೆ. ಕಾಲೇಜಿನಲ್ಲಿ ನಾನು ಖಂಡಿಸಿದ ಪ್ರಶ್ನೆ. ಆ ಖಂಡನೆಯನ್ನು ನಾನು ಹಿಂತೆಗೆದುಕೊಂಡಿಲ್ಲ. ಅಳೆದು ದೂರವಿಡಲು ಕೇಳುವ ಪ್ರಶ್ನೆ ಬೇರೆ, ಹತ್ತಿರ ಕೂರಲು ಕೇಳುವ ಪ್ರಶ್ನೆ ಬೇರೆ. ಅಕ್ಷರಗಳು ಅವೇ ಆದರೂ. ಸಭೆಯವರು ಪರಿಶೀಲಿಸುತ್ತೇವೆ ಎಂದರು. ಈ ಸಲ ಚಪ್ಪಾಳೆ ಕಡಿಮೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಮುದುಕಿಯ ಶಿಕ್ಷಕಿ ಮಗಳು ಮಾತ್ರ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು.

ಫ್ರೀಮ್ಯಾಂಟಲ್‌ನ ಮುದುಕರು ಈಗ ತಿಂಗಳಿಗೆ ಒಂದೆರಡು ಬಾರಿ ನಮ್ಮಲ್ಲಿಗೆ ಊಟಕ್ಕೆ ಬರುತ್ತಾರೆ. ಆಣೆ ಮುರಿದ ಮೇಲೆ ಮಾತು ನಿಲ್ಲದು, ಆದರೆ ಕೇಳುವವರಿಲ್ಲ. ಅಕ್ಕ ಹೋದಾಗ ಅಮ್ಮನ ಮಾತಿಗೆ ಉಳಿದಿದ್ದ ಕೊನೆಯ ಕಿವಿಯೂ ಹೋಯಿತು. ತುರ್ಕಿಯಿಂದ ಬಂದವರೊಬ್ಬರನ್ನು ಪರಿಚಯ ಮಾಡಿಸಿದೆ. ಅವರು ಒಳ್ಳೆಯವರು, ಇವರ ಮಾತು ಕೇಳಿ ಬೆರಗಾದರು. ಇಂಥ ತುರ್ಕಿ ತಮ್ಮ ಮುತ್ತಜ್ಜಿಯ ಬಾಯಲ್ಲೂ ಕೇಳಿರಲಿಲ್ಲ ಎಂದರು. "ಅವನದು ಪತ್ರಿಕೆಯ ಭಾಷೆ," ಎಂದರು ನಮ್ಮ ಮುದುಕರು ಆಮೇಲೆ. "ನಮ್ಮದು ತಂಬಾಕಿನ ವಾಸನೆಯದು."

ಹೋದ ಶನಿವಾರ ಊಟವಾಗಿ ಸಂಜೆಯಾಗಿತ್ತು. ಪಡುವಣ ಕಿಟಕಿಗೆ ಬಿಸಿಲು ಬಂತು. ನಾನು ಏಳುವ ಮೊದಲೇ ಅವರು ಎದ್ದು, ಮಂಡಿಯ ಮೇಲೆ ಕೈಯೂರಿ, ಹೋಗಿ ಪರದೆ ಎಳೆದರು. ದೀಪ ಹಚ್ಚಿದೆ. ಅಜ್ಜಿಯ ನಾಲ್ಕು ಮಾತು ಹೇಳಿದೆ. ಅಂದು ಅಲ್ಲಿಗೆ ನಿಲ್ಲಿಸಲು ಮನಸ್ಸಾಗಲಿಲ್ಲ. ಅವರ ಕಡೆ ತಿರುಗಿ, ಎಷ್ಟೋ ವರ್ಷದಿಂದ ಯಾರಿಗೂ ಹೇಳದ ಸಣ್ಣ ಮಾತೊಂದನ್ನು, ಅನ್ನ ಇನ್ನೊಂದಿಷ್ಟು ಬಡಿಸಲೇ ಎಂಬುದನ್ನು, ಅಜ್ಜಿಯ ತೆಲುಗಿನಲ್ಲಿ ಕೇಳಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು, ತಮ್ಮ ಅಮ್ಮನ ತುರ್ಕಿಯಲ್ಲಿ ಉದ್ದವಾಗಿ ಉತ್ತರ ಕೊಟ್ಟರು. ಬೇಕು ಎಂದರೋ ಬೇಡ ಎಂದರೋ. ನಾನು ಮರುಮಾತು ಹೇಳಿದೆ. ಅವರು ತಲೆಯಾಡಿಸಿ ಮತ್ತೇನೋ ಅಂದರು.

"ಅಮ್ಮಾ, ಯಾರ ಹತ್ರ ಮಾತಾಡ್ತಿದೀಯ?" ಎಂದಳು ಮಗಳು ಒಳಗಿನಿಂದ. ಕನ್ನಡದಲ್ಲೇ ಕೇಳಿದ್ದಳು. ಅದು ಅವಳ ಗಮನಕ್ಕೆ ಬಂದಂತಿರಲಿಲ್ಲ. ನಾನೂ ಹೇಳಲಿಲ್ಲ.

ಮುದುಕರು ತುಟಿಯ ಮೇಲೆ ಬೆರಳಿಟ್ಟು ನನಗೆ ಕಣ್ಸನ್ನೆ ಮಾಡಿದರು. ಆಮೇಲೆ ಬೆರಳು ತೆಗೆದು, ಪಕ್ಕದ ಕುರ್ಚಿಯನ್ನು ಅವಳಿಗೆಂದು ಎಳೆದಿಟ್ಟರು.